ಹಳೇ ಹೇರ್ ಬ್ಯಾಂಡ್, ಕ್ಲಿಪ್ಪು, ಜಡೆ ಕುಚ್ಚು: ಮೇಲೆ ಮಾಡಿದ ಅಲಂಕಾರ ಉದುರದೆ ನಿಲ್ಲೋಕೆ ಏನು ಮಾಡಬೇಕು?

ಬಳೆಪೆಟ್ಟಿಗೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮನೇಲಿರೋ ಹಳೇ ತಲೆಗೂದಲಿನ ಸಾಮಾನನ್ನ ಎಸೆಯದೆ ಹಬ್ಬಕ್ಕೆ ಹಾಕ್ಕೊಳ್ಳೋ ಹಾಗೆ ಮಾಡಬೇಕು ಅಂತಿದ್ದೀನಿ. ಇರೋದು ಇಷ್ಟು: ರೆಕ್ಸಿನ್ ಸುಲಿದು ಉದುರ್ತಿರೋ ಅಗಲವಾದ ಹೇರ್ ಬ್ಯಾಂಡ್ 2, ಒಳಗಡೆ ಹಲ್ಲಿರೋ ಸಣ್ಣ ಪ್ಲಾಸ್ಟಿಕ್ ಬ್ಯಾಂಡ್ 3, ಬಣ್ಣ ಹೋದ ಟಿಕ್‌ಟಾಕ್ ಕ್ಲಿಪ್ಪು ಒಂದು ಡಜನ್, 2 ಕ್ಲಚರ್, ದಾರವೆಲ್ಲ ಗಂಟುಗಂಟಾಗಿರೋ ಒಂದು ಜಡೆ ಕುಚ್ಚು. ಅಲಂಕಾರಕ್ಕೆ ಕುಂದನ್ ಕಲ್ಲು, ಸ್ಟೋನ್ ಚೈನ್, ಸೀರೆ ಕುಚ್ಚಿನ ರೇಷ್ಮೆ ದಾರ, ಖಣದ ತುಂಡು, ಸ್ವಲ್ಪ ಚನ್ನಪಟ್ಟಣದ ಮಣಿ ಇವೆ.

ಗ್ಲೂ ಗನ್‌ನಲ್ಲಿ ಅಂಟಿಸಿದ ಕಲ್ಲು ಕ್ಲಿಪ್ಪಿನಿಂದ ಇಡಿಯಾಗಿ ಎದ್ದು ಬರುತ್ತೆ, ಅಂಟು ಕಲ್ಲಿಗೇ ಕಚ್ಚಿಕೊಂಡಿರುತ್ತೆ. ಯಾವುದಕ್ಕೆ ಯಾವ ಅಂಟು ಸರಿ? ಹಲ್ಲಿರೋ ಬ್ಯಾಂಡಿಗೆ ದಾರ ಸುತ್ತಬಹುದಾ? ಜಡೆ ಕುಚ್ಚಿಗೆ ಹೊಸ ದಾರ ಹಾಕೋ ಕ್ರಮ ಹೇಗೆ? ಕೆಲವು ಕ್ಲಿಪ್ಪು ಎರಡು ವರ್ಷದ ಮಗೂಗೆ, ಅದನ್ನೂ ಗಮನದಲ್ಲಿಟ್ಟುಕೊಂಡು ಹೇಳಿ.

---

ಸೂಜಿದಾರ

ಅಂಟು ಕಲ್ಲಿನ ಜೊತೆಗೇ ಎದ್ದು ಬಂತು ಅಂದ್ರೆ ಅಂಟು ಕೆಟ್ಟದಲ್ಲ, ಕ್ಲಿಪ್ಪಿನ ಮೈಗೆ ಅದು ಹಿಡಿದೇ ಇಲ್ಲ ಅಂತ ಅರ್ಥ. ಅದಕ್ಕೆ ಎರಡು ಕಾರಣ.

ಒಂದು, ಎಣ್ಣೆ. ತಲೆಗೆ ಹಾಕೋ ತೆಂಗಿನೆಣ್ಣೆ ಹಳೇ ಕ್ಲಿಪ್ಪಿನ ಮೇಲೆ ಪದರವಾಗಿ ಕೂತಿರುತ್ತೆ, ಕಣ್ಣಿಗೆ ಕಾಣಲ್ಲ. ಪಾತ್ರೆ ತೊಳೆಯೋ ಸೋಪು ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ಹಳೇ ಟೂತ್ ಬ್ರಷ್ಷಿಂದ ಉಜ್ಜಿ, ಪೂರ್ತಿ ಒಣಗಿಸಿ. ಆಮೇಲೆ 220 ನಂಬರಿನ ಸ್ಯಾಂಡ್ ಪೇಪರಿನಿಂದ ಅಲಂಕಾರ ಕೂರೋ ಜಾಗವನ್ನಷ್ಟೇ ಹೊಳಪು ಹೋಗೋವರೆಗೆ ಉಜ್ಜಿ. ಕೊನೆಗೆ ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಒರೆಸಿ. ಒರೆಸಿದ ಮೇಲೆ ಬೆರಳು ತಾಗಿಸಬೇಡಿ, ಬೆರಳಿನ ಜಿಡ್ಡೂ ಸಾಕು ಅಂಟು ಬಿಡೋಕೆ. ಪ್ಲಾಸ್ಟಿಕ್ಕಿಗೆ ನೇಲ್ ಪಾಲಿಶ್ ರಿಮೂವರ್ ಮಾತ್ರ ಬೇಡ. ಅದರಲ್ಲಿರೋ ಅಸಿಟೋನ್ ಹಲವು ಪ್ಲಾಸ್ಟಿಕ್ಕನ್ನ ಕರಗಿಸಿ ಮೈಯೆಲ್ಲ ಮಂಕು ಮಾಡುತ್ತೆ.

ಎರಡು, ಶಾಖ. ಗ್ಲೂ ಗನ್ನಿನ ಅಂಟು ಬಿಸಿಯಾಗಿದ್ದಾಗಲೇ ಮೈಗೆ ಹರಡಿ ಕಚ್ಚಬೇಕು. ಲೋಹದ ಕ್ಲಿಪ್ಪು ಆ ಬಿಸಿಯನ್ನ ತಕ್ಷಣ ಹೀರಿಕೊಳ್ಳುತ್ತೆ, ಅಂಟು ಹರಡೋ ಮೊದಲೇ ಗಟ್ಟಿಯಾಗಿ ಮೇಲೆ ಬರೀ ಕೂತಿರುತ್ತೆ. ಇನ್ನೊಂದು ತೊಂದರೆ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಇಟ್ಟರೆ ಆ ಅಂಟು ಮತ್ತೆ ಮೆತ್ತಗಾಗುತ್ತೆ. ಗ್ಲೂ ಗನ್ ಬಟ್ಟೆಗೆ ಬಟ್ಟೆ, ಬಟ್ಟೆಗೆ ಲೇಸು ಅಂಟಿಸೋಕೆ ಚೆನ್ನ. ಕಲ್ಲಿಗೆ, ಲೋಹಕ್ಕೆ ಅಲ್ಲ.

ಕುಂದನ್ ಕಲ್ಲು, ಸ್ಟೋನ್ ಚೈನ್‌ಗೆ ಬಿ-7000 ಥರದ ಅಂಟು ತಗೊಳ್ಳಿ. ಒಣಗಿದ ಮೇಲೂ ರಬ್ಬರಿನಷ್ಟು ಬಳುಕುತ್ತೆ, ಹಾಗಾಗಿ ಬ್ಯಾಂಡ್ ಬಗ್ಗಿದಾಗ ಸಿಡಿಯಲ್ಲ. 4 ಮಿ.ಮೀ. ಕಲ್ಲಿಗೆ ಸಾಸಿವೆ ಕಾಳಿನ ಅರ್ಧದಷ್ಟು ಅಂಟು. ಕಲ್ಲನ್ನ ಒತ್ತಿದಾಗ ಅಂಚಿನ ಸುತ್ತ ಕೂದಲೆಳೆಯಷ್ಟು ಅಂಟು ಕಾಣಬೇಕು, ಮೇಲೆ ಉಕ್ಕಬಾರದು. ಅರ್ಧ ಮುತ್ತಿಗಂತೂ ಉಕ್ಕಿದರೆ ಮೇಲಿನ ಹೊಳಪೇ ಹೋಗುತ್ತೆ. ಐದು ನಿಮಿಷದಲ್ಲಿ ಹಿಡಿದ ಹಾಗೆ ಕಂಡರೂ 24 ಗಂಟೆ ಮುಟ್ಟಬೇಡಿ, ದಪ್ಪವಾಗಿ ಹಾಕಿದ್ರೆ 48 ಗಂಟೆ. ಕಿಟಕಿ ತೆರೆದಿಟ್ಟು ಕೆಲಸ ಮಾಡಿ.

ಫೆವಿಕ್ವಿಕ್ ಬೇಡ. ಒಣಗುವಾಗ ಏಳೋ ಹಬೆ ಕಲ್ಲಿನ ಮೇಲೆ ಬಿಳಿ ಮಸುಕು ಬಿಡುತ್ತೆ, ಕುಂದನ್ನಿನ ಹಿಂದಿನ ಹಾಳೆಯ ಹೊಳಪನ್ನೂ ಕೆಡಿಸುತ್ತೆ. ಗಾಜಿನಷ್ಟು ಗಡುಸಾಗೋದರಿಂದ ಕ್ಲಿಪ್ಪು ಒಮ್ಮೆ ಕೆಳಗೆ ಬಿದ್ದರೆ ಕಲ್ಲು ಹಾರುತ್ತೆ. ಸ್ವಲ್ಪವೂ ಬಗ್ಗದ ಲೋಹದ ಜಡೆ ಬಿಲ್ಲೆ, ದಪ್ಪ ಪಿನ್ನುಗಳಿಗೆ ಅರಾಲ್ಡೈಟ್ (ಎರಡು ಟ್ಯೂಬಿನದ್ದನ್ನ ಕಲಸಿ ಹಚ್ಚೋ ಎಪಾಕ್ಸಿ ಅಂಟು) ಹಾಕಬಹುದು. ಎರಡು ಟ್ಯೂಬಿನಿಂದಲೂ ಸಮ ಸಮ ತಗೊಂಡು ಒಂದು ನಿಮಿಷ ಪೂರ್ತಿ ಕಲಸಬೇಕು. ಅಳತೆ ತಪ್ಪಿದರೆ ಎಷ್ಟು ದಿನ ಬಿಟ್ಟರೂ ಅಂಟಂಟಾಗೇ ಇರುತ್ತೆ.

ಪ್ಲಾಸ್ಟಿಕ್ಕಿನಲ್ಲಿ ಒಂದು ಜಾತಿಗೆ ಸಾಮಾನ್ಯ ಅಂಟು ಯಾವುದೂ ಸರಿಯಾಗಿ ಹಿಡಿಯಲ್ಲ. ಕ್ಲಚರಿನ ಲೋಹದ ಸ್ಪ್ರಿಂಗ್ ತೆಗೆದು ಪ್ಲಾಸ್ಟಿಕ್ ತುಂಡನ್ನ ಮಾತ್ರ ನೀರಿಗೆ ಹಾಕಿ, ಗಾಳಿಗುಳ್ಳೆ ಅಂಟಿದ್ರೆ ಬೆರಳಿಂದ ಒರೆಸಿ ಮುಳುಗಿಸಿ ಬಿಡಿ. ಮೇಲೆ ತೇಲಿದರೆ ಅದು ಪಾಲಿಪ್ರೊಪಿಲೀನ್ ಅಥವಾ ಪಾಲಿಥೀನ್. ಅದಕ್ಕೆ ದಾರ ಸುತ್ತಬಹುದು, ಬಟ್ಟೆ ಹೊದಿಸಿ ಹೊಲಿಯಬಹುದು, ಅಂಟನ್ನ ನಂಬೋಹಾಗಿಲ್ಲ. ಮುಳುಗಿದರೆ ಮೇಲೆ ಹೇಳಿದ ಹಾಗೆ ಉಜ್ಜಿ ಅಂಟಿಸಿ.

ಹಲ್ಲಿರೋ ಬ್ಯಾಂಡಿಗೆ ದಾರ ಸುತ್ತಬೇಡಿ. ಹಲ್ಲು ಇರೋದೇ ಕೂದಲನ್ನ ಹಿಡಿಯೋಕೆ. ಅದು ದಾರದೊಳಗೆ ಮುಚ್ಚಿಹೋದರೆ ನುಣುಪು ರೇಷ್ಮೆ ಹಿಂದಕ್ಕೆ ಜಾರುತ್ತೆ, ದಾರವೂ ಹಲ್ಲಿನ ತುದಿಯಲ್ಲಿ ಬೇಗ ಸವೆಯುತ್ತೆ. ಅದರ ಮೇಲ್ಮೈಗೆ ಮಾತ್ರ ಫೆಲ್ಟಿನ ಪಟ್ಟಿಯಲ್ಲಿ ಮಣಿ ಹೊಲಿದು ಕೂರಿಸಿ.

ಹಲ್ಲಿಲ್ಲದ, 1 ಸೆಂ.ಮೀ. ಅಗಲದ ಬ್ಯಾಂಡಿಗೆ ರೇಷ್ಮೆ ದಾರದ ಲೆಕ್ಕ ಹೀಗೆ. ಬ್ಯಾಂಡಿನ ಉದ್ದ ಸುಮಾರು 38 ಸೆಂ.ಮೀ. 20 ಎಳೆ ಒಟ್ಟಿಗೆ ಹಿಡಿದು ಬಾಚಣಿಗೆಯಿಂದ ಬಾಚಿ ಚಪ್ಪಟೆ ಮಾಡಿದರೆ ಹತ್ತಿರ ಹತ್ತಿರ 3 ಮಿ.ಮೀ. ಅಗಲವಾಗುತ್ತೆ, ಹಾಗೆ ಸುತ್ತೋಕೆ 3.5 ಮೀಟರ್ ಉದ್ದದ ಕಟ್ಟು ಬೇಕು. ತುದಿಯಿಂದ ಶುರು ಮಾಡಿ. ಅಂಟನ್ನ ಒಳಮೈಗೆ ಮಾತ್ರ, 3–4 ಸೆಂ.ಮೀ.ಗೊಂದು ತೆಳು ಗೆರೆ ಎಳೀರಿ. ಮೇಲ್ಮೈಗೆ ಹಾಕಿದ್ರೆ ದಾರ ಅದನ್ನ ಹೀರಿಕೊಂಡು ಎಣ್ಣೆ ಕಲೆಯ ಹಾಗೆ ಕಪ್ಪಗೆ ಕಾಣುತ್ತೆ, ಆಮೇಲೆ ತೆಗೆಯೋಕಾಗಲ್ಲ. ಒಂದು ಸುತ್ತು ಇನ್ನೊಂದರ ಮೇಲೆ ಹತ್ತದ ಹಾಗೆ ಉಗುರಿನಿಂದ ತಳ್ಳುತ್ತಾ ಹೋಗಿ. ಮಧ್ಯದಲ್ಲಿ ಎಳೆ ತಿರುಚಿಕೊಂಡ್ರೆ ಹೊಳಪು ಅಲ್ಲೇ ಮುರಿಯುತ್ತೆ. ನಿಲ್ಲಿಸಿ, ಬಾಚಿ, ಮತ್ತೆ ಸುತ್ತಿ.

---

ಖಣದ ಕುಪ್ಪಸ

ನಮಸ್ಕಾರ್ರಿ. ರೆಕ್ಸಿನ್ ಬ್ಯಾಂಡಿಂದು ನಾ ಹೇಳ್ತೀನಿ. ಮೊದಲ ಆ ರೆಕ್ಸಿನ್ ಪೂರಾ ಕಿತ್ತು ತಗೀರಿ. ಅದು ಬಟ್ಟಿ ಮ್ಯಾಲೆ ಹಚ್ಚಿದ ಪಿಯು (ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್) ಪದರ, ಹವಾದಾಗಿನ ತೇವಕ್ಕ ಒಳಗಿಂದೊಳಗ ಒಡದು ಪುಡಿ ಆಗತೈತಿ. ಅದರ ಮ್ಯಾಲೆ ಏನ್ ಹಚ್ಚಿದ್ರೂ ಆ ಪುಡಿ ಸಮೇತ ಕಳಚಿ ಬೀಳತೈತಿ. ಕೆಳಗಿನ ಪ್ಲಾಸ್ಟಿಕ್ ಗಟ್ಟಿ ಇದ್ರ ಅದ ನಿಮ್ಮ ಹೊಸ ಬ್ಯಾಂಡ್.

ಗುಳೇದಗುಡ್ಡದ ಖಣ ಇದ್ರ ಇದಕ್ಕಿಂತ ಚೊಲೊ ಹೊದಿಕೆ ಇಲ್ರಿ. ಬುಟ್ಟಾ ಸಣ್ಣು ಇರತಾವ, 2.5 ಸೆಂ.ಮೀ. ಅಗಲದ ಬ್ಯಾಂಡಿನ ಮ್ಯಾಲೂ ಪೂರಾ ಕಾಣತಾವ. ಆದ್ರ ಕತ್ತರಿಸಿದ ಅಂಚಿನಾಗ ನೂಲು ಭಾಳ ಬಿಡತೈತಿ. ಹಂಗಾಗಿ ಕತ್ತರಿ ಹಾಕೋಕಿಂತ ಮೊದಲ ಹಿಂದ ಪೇಪರ್ ಕ್ಯಾನ್ವಾಸ್ (ಇಸ್ತ್ರಿ ಬಿಸಿಗೆ ಬಟ್ಟಿಗೆ ಅಂಟೋ ಪದರ) ಇಟ್ಟು ಇಸ್ತ್ರಿ ಮಾಡ್ರಿ. ಕ್ಯಾನ್ವಾಸ್ ಬ್ಯಾಂಡಿನ ಅಳತಿಗಷ್ಟ ಇರಲಿ, 2.5 × 38 ಸೆಂ.ಮೀ. ಖಣ ಮಾತ್ರ 5 × 42 ಸೆಂ.ಮೀ. ಮಡಚೋ ಅಂಚಿನಾಗ ಕ್ಯಾನ್ವಾಸ್ ಇದ್ರ ಮಡಿಕಿ ದಪ್ಪ ಆಗಿ ಕಿವಿ ಹಿಂದ ಒತ್ತತೈತಿ.

ಇನ್ನೊಂದು, ಬಣ್ಣ ನೋಡ್ಕೊಳ್ರಿ. ಒಂದ್ ಬಿಳಿ ಅರಬಿ ತೋಯಿಸಿ ಖಣದ ಮ್ಯಾಲೆ ಜೋರ್ ತಿಕ್ಕ್ರಿ. ಕೆಂಪ ಹತ್ತಿದ್ರ ಬೆವರಿಗೂ ಬಣ್ಣ ಬಿಡತೈತಿ ಅಂತ ತಿಳ್ಕೊಳ್ರಿ. ಅಂಥಾದ್ದನ್ನ ಹಣಿ ಹತ್ತಿರ ಬರೋ ಬ್ಯಾಂಡಿಗೆ ಹಾಕಬ್ಯಾಡ್ರಿ, ಕ್ಲಚರ್ ಮ್ಯಾಲಿನ ಹೂವಿಗೆ ಇಟ್ಕೊಳ್ರಿ.

ಹಚ್ಚೋ ಮುಂದ ನಡುವಿನಿಂದ ಚಾಲೂ ಮಾಡಿ ಎರಡೂ ತುದಿ ಕಡೆ ಹೋಗ್ರಿ. ಒಂದ್ ತುದಿಯಿಂದ ಹೊಂಟ್ರ ಬುಟ್ಟಾ ಸೊಟ್ಟಗಾಗಿ ನಡುನೆತ್ತಿಗೆ ಬರೋಷ್ಟೊತ್ತಿಗೆ ಬದಿಗೆ ಸರದಿರತೈತಿ. ಅಂಚು ಒಳಗ ಮಡಚಿ ಹಚ್ಚಿ, ಅದರ ಮ್ಯಾಲೆ 2 ಸೆಂ.ಮೀ. ವೆಲ್ವೆಟ್ ರಿಬ್ಬನ್ ಹಚ್ಚ್ರಿ. ವೆಲ್ವೆಟ್ ಕೂದಲಾ ಹಿಡೀತೈತಿ, ಸ್ಯಾಟಿನ್ ಆದ್ರ ಜಾರತೈತಿ. ಖಣ ಮಾತ್ರ ಕ್ರಾಸ್ ಕಟ್ (ನೂಲಿಗೆ ಓರೆಯಾಗಿ ಕತ್ತರಿಸೋದು) ಮಾಡ್ಕೊಳ್ರಿ, ಬಾಗಿದ ಜಾಗಾಕ್ಕ ಚಂದ ಕೂಡತೈತಿ.

---

ಕುಚ್ಚು ಕಟ್ಟು

ಖಣದ ಬಗ್ಗೆ ಅಕ್ಕ ಹೇಳಿದ್ದು ಎಲ್ಲಾ ಸರಿ, ಕ್ರಾಸ್ ಕಟ್ ಬಗ್ಗೆ ಮಾತ್ರ ಒಂದು ತಿದ್ದುಪಡಿ. ಬ್ಯಾಂಡು ಉದ್ದಕ್ಕೂ ಒಂದೇ ಅಗಲ ಇದ್ರೆ ನೇರವಾಗಿ ಕತ್ತರಿಸಿದ ಪಟ್ಟಿಯೇ ಸುಕ್ಕಿಲ್ಲದೆ ಕೂರುತ್ತೆ, ಬುಟ್ಟಾ ಸಾಲಾಗಿ ನಿಲ್ಲುತ್ತೆ, ಬಟ್ಟೆಯೂ ಕಡಿಮೆ ಸಾಕು. ನೆತ್ತಿ ಹತ್ತಿರ ಅಗಲವಾಗಿ ತುದಿಗೆ ಕಿರಿದಾಗೋ ಬ್ಯಾಂಡು, ಸ್ಪಂಜು ತುಂಬಿದ ಉಬ್ಬು ಬ್ಯಾಂಡು, ಗಂಟು ಹಾಕಿದ ಹಾಗಿರೋ ಬ್ಯಾಂಡು ಇವಕ್ಕೆ ಮಾತ್ರ ಕ್ರಾಸ್ ಬೇಕು.

ಈಗ ಜಡೆ ಕುಚ್ಚು. ಸಾಮಾನ್ಯವಾಗಿ ಕಪ್ಪು ದಾರಕ್ಕೆ ಮೂರು ಕುಚ್ಚು, ಒಂದೊಂದಕ್ಕೂ ಗಂಟೆ ಆಕಾರದ ಟೋಪಿ ಇರುತ್ತೆ. ಟೋಪಿ ಚೆನ್ನಾಗಿದ್ರೆ ಬೇರೆ ಏನೂ ಕೊಳ್ಳೋದು ಬೇಡ. ಹಳೇ ದಾರವನ್ನ ಟೋಪಿಯ ಬಾಯಿಗೆ ಸಮವಾಗಿ ಕತ್ತರಿಸಿ, ಒಳಗೆ ಉಳಿದದ್ದನ್ನ ಚಿಮುಟದಿಂದ ಸ್ವಲ್ಪ ಸ್ವಲ್ಪವೇ ಎಳೆದು ತೆಗೀರಿ. ಒಮ್ಮೆಲೇ ಎಳೆದರೆ ತೆಳು ತಗಡಿನ ಟೋಪಿ ಸೊಟ್ಟಗಾಗುತ್ತೆ. ಟೋಪಿ ಹಿತ್ತಾಳೆಯದ್ದಾದ್ರೆ ಹುಣಿಸೆಹಣ್ಣು ಹಚ್ಚಿ ತೊಳೆಯಬಹುದು. ಬರೀ ಚಿನ್ನದ ನೀರು ಹಾಯಿಸಿದ್ದಾದ್ರೆ ಹುಳಿ ತಾಗಿಸಬೇಡಿ, ಸೋಪಿನ ನೀರು, ಮೆತ್ತನೆ ಬ್ರಷ್ಷು, ಅಷ್ಟೇ.

7 ಸೆಂ.ಮೀ. ಎತ್ತರದ ಗಟ್ಟಿ ರಟ್ಟು ತಗೊಳ್ಳಿ. ರೇಷ್ಮೆ ದಾರವನ್ನ ನಾಲ್ಕೆಳೆ ಒಟ್ಟಿಗೆ ಹಿಡಿದು 8 ಮಿ.ಮೀ. ಬಾಯಿಯ ಟೋಪಿಗೆ ಸುಮಾರು 70 ಸುತ್ತು ಸುತ್ತಿ. ದಾರದ ದಪ್ಪ ಒಂದೊಂದು ಕಂಪನಿಯದ್ದು ಒಂದೊಂದು ಥರ ಇರೋದ್ರಿಂದ ಲೆಕ್ಕಕ್ಕಿಂತ ಕೈಯ ಅಂದಾಜು ಮುಖ್ಯ: ಟೋಪಿಯೊಳಗೆ ಬಿಗಿಯಾಗಿ ಹೋಗಬೇಕು, ಸಡಿಲವಾಗಿ ಇಳಿದರೆ ಇನ್ನೊಂದು 10 ಸುತ್ತು ಸೇರಿಸಿ. ಸುತ್ತುವಾಗ ಎಳೆಯಬೇಡಿ. ರಟ್ಟು ಬಾಗುವಷ್ಟು ಬಿಗಿ ಮಾಡಿದ್ರೆ ಕತ್ತರಿಸಿದ ಮೇಲೆ ದಾರ ಮೇಲಕ್ಕೆ ಸೇದಿಕೊಂಡು ಕುಚ್ಚು ಗಿಡ್ಡವಾಗುತ್ತೆ.

ಮೇಲಿನ ಮಡಿಕೆಯೊಳಗೆ ಎರಡೆಳೆ ನೈಲಾನ್ ದಾರ ತೂರಿಸಿ ಗಂಟು ಹಾಕಿ. ಒಂದು ಗಂಟು ಹಾಕಿ, ಕಟ್ಟನ್ನ ತಿರುಗಿಸಿ ಹಿಂದುಗಡೆ ಇನ್ನೆರಡು. ರಟ್ಟಿನ ಕೆಳ ಅಂಚಿನಲ್ಲಿ ಕತ್ತರಿಸಿ. ತಲೆಯಿಂದ 6–7 ಮಿ.ಮೀ. ಕೆಳಗೆ ಅದೇ ದಾರದಲ್ಲಿ ಕುತ್ತಿಗೆ ಬಿಗಿಯಿರಿ, ಈ ಕಟ್ಟು ಟೋಪಿಯೊಳಗೆ ಮರೆಯಾಗುತ್ತೆ. ಟೋಪಿಯ ಒಳಗೋಡೆಗೆ ಒಂದು ಹನಿ ಅಂಟು ಸವರಿ, ನೈಲಾನ್ ದಾರವನ್ನ ಮೇಲಿನ ತೂತಿನಿಂದ ಹೊರಗೆಳೀರಿ. ಎಳೆಯೋಕೆ ತೆಳು ತಂತಿಯನ್ನ ಮಡಚಿ ಕೊಕ್ಕೆ ಮಾಡ್ಕೊಂಡರೆ ಸುಲಭ. ಮೇಲೊಂದು ಚಿನ್ನದ ಬಣ್ಣದ ಮಣಿ ಪೋಣಿಸಿ ಕಪ್ಪು ದಾರಕ್ಕೆ ಕಟ್ಟಿ. ಕುಚ್ಚು ಕಳಚಿ ಬೀಳೋದು ಹೆಚ್ಚಾಗಿ ಈ ಜಾಗದಲ್ಲೇ, ಅಂಟನ್ನ ಮಾತ್ರ ನಂಬಿ ಮೇಲಿನ ಗಂಟು ಬಿಟ್ಟಾಗ.

ತುದಿ ಸಮ ಮಾಡೋಕೆ: ಕುಚ್ಚನ್ನ ಕುದಿಯೋ ನೀರಿನ ಹಬೆಗೆ 10 ಸೆಕೆಂಡು ಹಿಡಿದು, ಬಾಚಿ, ತಣ್ಣಗಾಗಲು ಬಿಡಿ. ಸುಕ್ಕೆಲ್ಲ ಬಿಟ್ಟು ನೇರವಾಗುತ್ತೆ. ಆಮೇಲೆ ಒಂದು ಕಾಗದದ ತುಂಡನ್ನ ಕುಚ್ಚಿನ ಸುತ್ತ ಬಿಗಿಯಾಗಿ ಸುತ್ತಿ, ಕಾಗದದ ಅಂಚಿನಿಂದ ಹೊರಗೆ ಕಾಣೋ ಎಳೆಗಳನ್ನ ಚೂಪು ಕತ್ತರಿಯಿಂದ ಒಂದೇ ಏಟಿಗೆ ಕತ್ತರಿಸಿ. ಕಾಗದ ಬಿಚ್ಚಿದಾಗ ತುದಿ ಬಟ್ಟಲು ಬೋರಲು ಹಾಕಿದ ಹಾಗೆ ಗುಂಡಗೆ, ಸಮವಾಗಿ ಇರುತ್ತೆ. ಮೂರು ಕುಚ್ಚಿಗೂ ಒಂದೇ ಕಾಗದ ಬಳಸಿ, ಉದ್ದ ಹೆಚ್ಚು ಕಡಿಮೆ ಆಗಲ್ಲ.

ಕಪ್ಪು ದಾರ ಎಣ್ಣೆಯಲ್ಲಿ ಗಟ್ಟಿಯಾಗಿದ್ರೆ ಅದನ್ನೂ ಬದಲಾಯಿಸಿ. ಜಡೆಯೊಳಗೆ ಹೆಣೆಯೋದಕ್ಕೆ ಕಡಿಮೆ ಅಂದ್ರೂ 30 ಸೆಂ.ಮೀ. ಉದ್ದ ಬೇಕು, ಗಿಡ್ಡವಾದ್ರೆ ಕುಚ್ಚಿನ ಭಾರಕ್ಕೆ ಜಾರುತ್ತೆ.

---

ಮಣಿಸರ

ಚನ್ನಪಟ್ಟಣದ ಮಣಿಗೆ ಮೇಲೆ ಹೇಳಿದ ಎರಡು ವಿಧಾನ ಅನ್ವಯಿಸಬೇಡಿ, ದಯವಿಟ್ಟು. ಅದರ ಬಣ್ಣ ಅರಗಿನಲ್ಲಿ ಹಾಕಿದ್ದು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತೆ, ಸ್ಯಾನಿಟೈಸರ್ ಬಿದ್ದ ಬೆರಳಲ್ಲಿ ಮುಟ್ಟಿದರೂ ಹೊಳಪಿನ ಮೇಲೆ ಗುರುತಾಗುತ್ತೆ. ಬಿಸಿಗೂ ಮೆತ್ತಗಾಗುತ್ತೆ, ಹಾಗಾಗಿ ಗ್ಲೂ ಗನ್ನೂ ಬೇಡ. ಕೊಳೆಯಾಗಿದ್ರೆ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ ಸಾಕು. ಚೆಂದದ ಕೆಲಸ ಅದು, ಅಂಟಿಗೆ ಬಲಿ ಕೊಡಬಾರದು.

ಆ ಮಣಿಗೆ ತೂತು ಇದೆಯಲ್ಲ, ತಂತಿಯಲ್ಲೇ ಕಟ್ಟಿ. ಹಳೇ ಯು ಪಿನ್ನು, ಸೈಡ್ ಪಿನ್ನುಗಳಿಗೆ ಇದು ಸರಿಯಾದ ದಾರಿ. 26 ಗೇಜಿನ ಹಿತ್ತಾಳೆ ತಂತಿ (0.4 ಮಿ.ಮೀ.), 5 ಸೆಂ.ಮೀ. ಪಿನ್ನಿಗೆ 45 ಸೆಂ.ಮೀ. ಉದ್ದ. ಪಿನ್ನಿನ ತುದಿಯಲ್ಲಿ ನಾಲ್ಕು ಸುತ್ತು ಬಿಗಿಯಾಗಿ ಸುತ್ತಿ, ಒಂದು ಮಣಿ ಪೋಣಿಸಿ, ಮಣಿಯನ್ನ ಪಿನ್ನಿನ ಮೇಲ್ಗಡೆ ಕೂರಿಸಿ ಎರಡು ಸುತ್ತು, ಮತ್ತೊಂದು ಮಣಿ, ಹೀಗೆ. ಪಿನ್ನಿನ ಮೇಲಿನ ಕಡ್ಡಿಗೆ ಮಾತ್ರ ಸುತ್ತಬೇಕು, ಎರಡೂ ಕಡ್ಡಿ ಸೇರಿಸಿ ಸುತ್ತಿದ್ರೆ ಪಿನ್ ತೆರೆಯಲ್ಲ. ತಂತಿಯ ಕೊನೆ ಯಾವಾಗಲೂ ಮೇಲ್ಗಡೆ, ಮಣಿಯ ಪಕ್ಕದಲ್ಲಿ ಮುಗಿಯಬೇಕು. ಒಳಗಡೆ ಮುಗಿದ್ರೆ ಪ್ರತಿ ಸಲ ತೆಗೆಯುವಾಗಲೂ ಕೂದಲು ಸಿಕ್ಕಿ ಕೀಳುತ್ತೆ. ಇಕ್ಕಳದಿಂದ ಚಪ್ಪಟೆಯಾಗಿ ಒತ್ತಿ, ಬೆರಳಾಡಿಸಿ ನೋಡಿ, ಚುಚ್ಚಬಾರದು.

ಟಿಕ್‌ಟಾಕ್ ಕ್ಲಿಪ್ಪಿನ ವಿಷಯ ಬೇರೆ. ಅದು ಮುಚ್ಚುವಾಗ ಇಡೀ ಕ್ಲಿಪ್ಪೇ ಬಾಗಿ ಟಕ್ ಅಂತ ತಿರುಗುತ್ತೆ. ಉದ್ದಕ್ಕೂ ಗಟ್ಟಿ ಕಲ್ಲು ಅಂಟಿಸಿದ್ರೆ ಒಂದೋ ಕ್ಲಿಪ್ ಮುಚ್ಚಲ್ಲ, ಇಲ್ಲಾಂದ್ರೆ ಕಲ್ಲು ಹಾರುತ್ತೆ. ಆದ್ದರಿಂದ ಫೆಲ್ಟಿನ ಚೀಲ ಮಾಡಿ. ಕ್ಲಿಪ್ಪನ್ನ ಫೆಲ್ಟಿನ ಮೇಲಿಟ್ಟು ಸುತ್ತ 4 ಮಿ.ಮೀ. ಬಿಟ್ಟು ಗುರುತು ಹಾಕಿ, ಎರಡು ತುಂಡು ಕತ್ತರಿಸಿ. ಮೇಲಿನ ತುಂಡಿಗೆ ಮೊದಲೇ ಮಣಿ, ಚಮಕಿ, ಕಸೂತಿ ಏನು ಬೇಕೋ ಹೊಲಿದು ಮುಗಿಸಿ. ಗಂಟು, ಟಾಕ ಎಲ್ಲಾ ಹಿಂದೆ ಮುಚ್ಚಿಹೋಗುತ್ತೆ. ಕೆಳಗಿನ ತುಂಡಿನ ನಡುವೆ, ಅಗಲದ ತುದಿ ಕಡೆ, 1 ಸೆಂ.ಮೀ. ಅಡ್ಡ ಸೀಳು ಕೊಟ್ಟು ಕ್ಲಿಪ್ಪಿನ ನಾಲಗೆಯನ್ನ ಅದರಿಂದ ಹೊರಗೆ ತನ್ನಿ. ಆಮೇಲೆ ಎರಡನ್ನೂ ಸೇರಿಸಿ ಅಂಚಿಗೆ ಕಾಜದ ಹೊಲಿಗೆ. ಅಂಟೇ ಬೇಕಿಲ್ಲ. ಫೆಲ್ಟು ಕ್ಲಿಪ್ಪಿನ ಜೊತೆ ಬಾಗುತ್ತೆ.

2 ಮಿ.ಮೀ. ಸಣ್ಣ ಮಣಿ ಹೊಲಿಯುವಾಗ ನಂಬರ್ 10 ಮಣಿ ಸೂಜಿ, ಪಾಲಿಯೆಸ್ಟರ್ ದಾರ ಎರಡೆಳೆ. ಮೂರು ಮಣಿ ಪೋಣಿಸಿ ಸೂಜಿ ಕೆಳಗಿಳಿಸಿ, ಹಿಂದಕ್ಕೆ ಬಂದು ಕೊನೆಯ ಮಣಿಯೊಳಗಿಂದ ಮತ್ತೆ ತೂರಿಸಿ, ಮುಂದಿನ ಮೂರು. 3 ಸೆಂ.ಮೀ.ಗೊಂದು ಗಂಟು ಹಾಕ್ತಾ ಹೋಗಿ, ಎಲ್ಲೋ ದಾರ ಹರಿದರೂ ಇಡೀ ಸಾಲು ಉದುರಲ್ಲ.

ಎರಡು ವರ್ಷದ ಮಗುವಿನ ಕ್ಲಿಪ್ಪಿಗೆ ಕಲ್ಲು, ಮಣಿ, ಮುತ್ತು ಯಾವುದೂ ಬೇಡ, ಹೊಲಿದದ್ದೂ ಬೇಡ. ಆ ವಯಸ್ಸಿನ ಮಕ್ಕಳು ಕಿತ್ತು ಬಾಯಿಗೆ ಹಾಕ್ಕೊಳ್ತಾರೆ, ಗಂಟಲಲ್ಲಿ ಸಿಕ್ಕಿದ್ರೆ ಕಷ್ಟ. ದಾರದಲ್ಲೇ ಹೂವು ಎಲೆ ಕಸೂತಿ ಹಾಕಿ, ಸಾಕಷ್ಟು ಚೆನ್ನಾಗಿ ಕಾಣುತ್ತೆ.

---

ಬಳೆಪೆಟ್ಟಿಗೆ

ಎಲ್ಲರಿಗೂ ತುಂಬಾ ಧನ್ಯವಾದ. ಎರಡು ಸಣ್ಣ ಪ್ರಶ್ನೆ ಉಳಿದಿದೆ. ಖಣ ಅಂಟಿಸೋಕೆ ಮನೇಲಿರೋ ಬಿಳಿ ಫೆವಿಕಾಲ್ ಆಗುತ್ತಾ? ಮತ್ತೆ, ಕೆಲವು ಟಿಕ್‌ಟಾಕ್ ಕ್ಲಿಪ್ಪಿನ ಅಂಚಿನಲ್ಲಿ ತುಕ್ಕು ಶುರುವಾಗಿದೆ, ಫೆಲ್ಟಿನೊಳಗೆ ಹಾಕಬಹುದಾ?

---

ಸೂಜಿದಾರ

ಬಿಳಿ ಫೆವಿಕಾಲ್ ಬಟ್ಟೆಗೆ ಬಟ್ಟೆ, ಬಟ್ಟೆಗೆ ರಟ್ಟು ಹಿಡಿಯುತ್ತೆ. ನುಣುಪು ಪ್ಲಾಸ್ಟಿಕ್ಕಿಗೆ ಹಿಡಿಯಲ್ಲ, ಒಣಗಿದ ಮೇಲೆ ಹಾಳೆಯ ಹಾಗೆ ಸುಲಿದು ಬರುತ್ತೆ. ಬೆವರು, ಮಳೆನೀರು ಬಿದ್ರೆ ಮೆತ್ತಗೂ ಆಗುತ್ತೆ. ಖಣದ ಕತ್ತರಿಸಿದ ಅಂಚಿಗೆ ಮಾತ್ರ ಅದನ್ನ ಬಳಸಿ: ಒಂದು ಪಾಲು ಫೆವಿಕಾಲಿಗೆ ಒಂದು ಪಾಲು ನೀರು ಬೆರೆಸಿ, ಬ್ರಷ್ಷಿನ ತುದಿಯಿಂದ 2 ಮಿ.ಮೀ. ಅಗಲಕ್ಕೆ ಸವರಿ ಒಣಗಿಸಿದ್ರೆ ನೂಲು ಬಿಡೋದು ನಿಲ್ಲುತ್ತೆ. ಮಡಚಿ ಪ್ಲಾಸ್ಟಿಕ್ಕಿಗೆ ಕೂರಿಸೋಕೆ ಬಿ-7000 ತೆಳುವಾಗಿ, ಬಟ್ಟೆ ಕ್ಲಿಪ್ಪು ಹಾಕಿ ರಾತ್ರಿಯಿಡೀ ಬಿಡಿ. ಕ್ಲಿಪ್ಪಿನ ಗುರುತು ಖಣದ ಮೇಲೆ ಬೀಳದ ಹಾಗೆ ನಡುವೆ ಕಾಗದ ಇಡಿ.

ತುಕ್ಕು ಹಿಡಿದದ್ದನ್ನ ಹಾಗೇ ಫೆಲ್ಟಿನೊಳಗೆ ಹಾಕಬೇಡಿ, ಮಳೆಗಾಲದಲ್ಲಿ ಕಂದು ಕಲೆ ಮೇಲಿನವರೆಗೂ ಹರಡುತ್ತೆ. ಸ್ಯಾಂಡ್ ಪೇಪರಿನಿಂದ ಹೊಳೆಯೋ ಲೋಹ ಕಾಣೋವರೆಗೆ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿ, ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಪದರ ಹಚ್ಚಿ, ಮೊದಲ ಪದರ ಪೂರ್ತಿ ಒಣಗಿದ ಮೇಲೆ ಎರಡನೆಯದು. ನಾಲಗೆ ಬಾಗೋ ಬುಡದಲ್ಲಿ ತುಕ್ಕು ಗುಂಡಿ ಬಿದ್ದಿದ್ರೆ ಆ ಕ್ಲಿಪ್ಪನ್ನ ಬಿಟ್ಟುಬಿಡಿ, ಅದು ಅಲ್ಲೇ ಮುರಿಯುತ್ತೆ. ಸ್ಟೋನ್ ಚೈನ್, ಫೆಲ್ಟು, ಟೋಪಿ ಏನಾದ್ರೂ ಕಡಿಮೆ ಬಿದ್ರೆ ಬೆಂಗಳೂರಲ್ಲಿದ್ದವರಿಗೆ ಚಿಕ್ಕಪೇಟೆ, ಮಾಮೂಲ್‌ಪೇಟೆ ಕಡೆಯ ಲೇಸು-ಮಣಿ ಅಂಗಡಿಗಳಲ್ಲಿ ಸಿಗುತ್ತೆ. ಟೋಪಿ ತರೋಕೆ ಹೋಗುವಾಗ ಹಳೇದೊಂದನ್ನ ಜೊತೆಗೆ ಒಯ್ಯಿರಿ, ಬಾಯಿಯ ಅಳತೆ ಅರ್ಧ ಮಿ.ಮೀ. ತಪ್ಪಿದರೂ ಮೂರು ಕುಚ್ಚು ಒಂದೇ ದಪ್ಪ ಬರಲ್ಲ.